ಬಸ್ಸಿನ ನೆತ್ತಿಯಲ್ಲೊಂದು ಬೆಳಕಿಂಡಿ

ಅಮೆರಿಕ ಸಂಯುಕ್ತ ಸಂಸ್ಥಾನದ ರಸ್ತೆಗಳಲ್ಲಿ ಶಾಲಾಮಕ್ಕಳನ್ನು ಹೊತ್ತು ಓಡಾಡುವ ಹಳದಿ ಬಸ್ಸುಗಳ ಸಂಖ್ಯೆ ಐದು ಲಕ್ಷದ ಆಸುಪಾಸಿನಲ್ಲಿದೆ. ಹತ್ತು ಹದಿನೈದು ವರ್ಷ ದುಡಿದು ನಿವೃತ್ತಿಯಾಗುವ ಈ ಬಸ್ಸುಗಳು ಹರಾಜಿನಲ್ಲಿ ಅಗ್ಗವಾಗಿ ಸಿಗುವುದರಿಂದ, ಅವನ್ನು ಕೊಂಡು, ಸೀಟುಗಳನ್ನು ಕಿತ್ತು, ಮಂಚ, ಅಡುಗೆಕಟ್ಟೆ, ನೀರಿನ ಟ್ಯಾಂಕು, ಬ್ಯಾಟರಿಗಳನ್ನು ಜೋಡಿಸಿ ಓಡುವ ಮನೆಯಾಗಿ ಮಾರ್ಪಡಿಸುವವರ ಒಂದು ವರ್ಗವೇ ಅಲ್ಲಿ ಬೆಳೆದಿದೆ. ಇಂಥ ಬಸ್ಸನ್ನು ಅವರು ‘ಸ್ಕೂಲಿ’ ಎಂದು ಕರೆಯುತ್ತಾರೆ. ಮಾರ್ಪಾಡಿನ ನಕ್ಷೆ ಹಾಕಲು ಕೂತವರಿಗೆ ಸಾಮಾನ್ಯವಾಗಿ ಹುಟ್ಟುವ ಆಸೆಗಳಲ್ಲೊಂದು ಛಾವಣಿಯಲ್ಲಿ ಬೆಳಕಿಂಡಿ ಇಡುವುದು. ಮಲಗಿದಲ್ಲಿಂದಲೇ ನಕ್ಷತ್ರ ಕಾಣಬೇಕು, ಹಗಲಿನಲ್ಲಿ ದೀಪ ಹಚ್ಚುವಂತಿರಬಾರದು, ಇಕ್ಕಟ್ಟಾದ ಒಳಾಂಗಣ ವಿಶಾಲವಾಗಿ ತೋರಬೇಕು ಎಂಬ ಈ ಬಯಕೆಗಳಲ್ಲಿ ಅಸಮಂಜಸವಾದದ್ದೇನೂ ಇಲ್ಲವಾದರೂ, ತಗಡಿಗೆ ಗರಗಸ ಹಚ್ಚಿದೊಡನೆ ಲೋಹದ ಬಲ, ಬೆಳಕು, ಶಾಖ, ಗಾಳಿ, ನೀರು ಇವುಗಳ ಬೇರೆ ಬೇರೆ ಲೆಕ್ಕಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ, ಮತ್ತು ಒಂದರಲ್ಲಿ ಬಂದ ಲಾಭವನ್ನು ಇನ್ನೊಂದು ತಿಂದುಹಾಕುವುದೇ ಹೆಚ್ಚು.

ಲೋಹದ ಲೆಕ್ಕದಿಂದ ಆರಂಭಿಸುವುದು ವಿವೇಕ, ಏಕೆಂದರೆ ಅಲ್ಲಿ ಆದ ತಪ್ಪನ್ನು ಆಮೇಲೆ ತಿದ್ದುವುದು ಕಷ್ಟ. ಶಾಲಾ ಬಸ್ಸಿನ ಬಣ್ಣವೂ ಮುಖ್ಯ ಅಳತೆಗಳೂ 1939ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಫ್ರ್ಯಾಂಕ್ ಸೈರ್ ಎಂಬ ಪ್ರಾಧ್ಯಾಪಕರು ಕರೆದ ಸಮ್ಮೇಳನದಲ್ಲಿ ಗೊತ್ತಾದವು. ಛಾವಣಿಯ ಬಲದ ಬಗೆಗಿನ ಕಟ್ಟುನಿಟ್ಟಾದ ನಿಯಮ ಮಾತ್ರ 1977ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಖಾಲಿ ಬಸ್ಸಿನ ತೂಕದ ಒಂದೂವರೆ ಪಟ್ಟು ಭಾರವನ್ನು ಛಾವಣಿಯ ಮೇಲೆ ಹೇರಿದರೂ ಅದು 130 ಮಿಲಿಮೀಟರಿಗಿಂತ ಹೆಚ್ಚು ಕುಸಿಯಬಾರದು, ಮತ್ತು ಆ ಭಾರದಡಿಯಲ್ಲೂ ತುರ್ತು ಬಾಗಿಲುಗಳು ತೆರೆಯುವಂತಿರಬೇಕು. ಬಸ್ಸು ಮಗುಚಿದಾಗ ಒಳಗಿನ ಮಕ್ಕಳು ಜಜ್ಜಿಹೋಗದಿರಲಿ ಎಂಬುದು ಇದರ ಉದ್ದೇಶ. ಈ ಭಾರವನ್ನು ಹೊರುವುದು ಮೇಲಿನ ತಗಡಲ್ಲ. ಸುಮಾರು ಒಂದು ಮಿಲಿಮೀಟರ್ ದಪ್ಪದ ಆ ತಗಡಿನ ಕೆಳಗೆ, ಒಂದು ಬದಿಯ ಗೋಡೆಯಿಂದ ಮೇಲೇರಿ ನೆತ್ತಿಯ ಮೇಲೆ ಬಾಗಿ ಇನ್ನೊಂದು ಬದಿಗೆ ಇಳಿಯುವ ಉಕ್ಕಿನ ಕಮಾನುಗಳು ಸಾಲಾಗಿ ನಿಂತಿರುತ್ತವೆ. ಇವನ್ನು ಬಸ್ಸಿನ ಪಕ್ಕೆಲುಬುಗಳೆಂದೇ ಕರೆಯುವ ರೂಢಿ. ಎರಡು ಪಕ್ಕೆಲುಬುಗಳ ನಡುವಿನ ಅಂತರ ಬಹುಪಾಲು ಬಸ್ಸುಗಳಲ್ಲಿ 70 ಸೆಂಟಿಮೀಟರಿನ ಆಸುಪಾಸು, ಅಂದರೆ ಒಂದು ಕಿಟಕಿಯ ಅಗಲದಷ್ಟು.

ಹೀಗಾಗಿ ಪಕ್ಕೆಲುಬುಗಳ ನಡುವೆ ಹಿಡಿಯುವಷ್ಟು ಚಿಕ್ಕ ಬೆಳಕಿಂಡಿಯೂ, ಒಂದು ಪಕ್ಕೆಲುಬನ್ನು ಕತ್ತರಿಸಿಯೇ ಕೂರಿಸಬೇಕಾದ ದೊಡ್ಡ ಬೆಳಕಿಂಡಿಯೂ ಹೆಸರಿನಲ್ಲಿ ಒಂದೇ ಆದರೂ ತಾಂತ್ರಿಕವಾಗಿ ಎರಡು ಬೇರೆ ಜಾತಿಯವು. ಮೊದಲನೆಯದರಲ್ಲಿ ತಗಡಿನ ಒಂದು ಚೌಕ ಮಾತ್ರ ಹೋಗುತ್ತದೆ. ಎರಡನೆಯದರಲ್ಲಿ ಕಮಾನು ಎರಡು ತುಂಡಾಗುತ್ತದೆ, ತುಂಡಾದ ಕಮಾನಿಗೆ ಭಾರ ಹೊರುವ ಶಕ್ತಿ ಉಳಿಯುವುದಿಲ್ಲ, ಅದು ಹೊರುತ್ತಿದ್ದ ಪಾಲು ಅಕ್ಕಪಕ್ಕದ ಕಮಾನುಗಳ ಮೇಲೆ ಬೀಳುತ್ತದೆ. ರಂಧ್ರದ ಸುತ್ತ ಉಕ್ಕಿನ ಚೌಕಟ್ಟನ್ನು ಬೆಸುಗೆ ಹಾಕಿ, ಆ ಭಾರವನ್ನು ನೆರೆಯ ಎರಡು ಪಕ್ಕೆಲುಬುಗಳಿಗೆ ದಾಟಿಸುವ ವ್ಯವಸ್ಥೆ ಮಾಡಬಹುದು, ಮಾಡುವವರೂ ಇದ್ದಾರೆ; ಆದರೆ ಕಾರ್ಖಾನೆಯಲ್ಲಿ ಭಾರ ಹೇರಿ ಪರೀಕ್ಷಿಸಿದ ವಿನ್ಯಾಸದ ಸ್ಥಾನದಲ್ಲಿ ಈಗ ಹಿತ್ತಲಿನ ಬೆಸುಗೆಯೊಂದು ನಿಂತಿದೆ ಎಂಬುದನ್ನು ಮರೆಯುವಂತಿಲ್ಲ. ಮನೆಯ ಛಾವಣಿಗೆಂದು ಮಾಡಿದ ಗಾಜಿನ ದೊಡ್ಡ ಕಿಟಕಿಗಳನ್ನು ತಂದು ಬಸ್ಸಿಗೆ ಕೂರಿಸುವ ಪ್ರಯತ್ನಗಳು ಮೊದಲು ಎಡವುವುದು ಇಲ್ಲಿಯೇ.

ಇನ್ನು ಬೆಳಕು. ತಲೆಯ ಮೇಲಿನ ಕಿಂಡಿ ಅದೇ ಅಳತೆಯ ಗೋಡೆಯ ಕಿಟಕಿಗಿಂತ ಹೆಚ್ಚು ಬೆಳಗುತ್ತದೆ ಎಂಬ ಅನುಭವದ ಮಾತಿಗೆ ಭದ್ರವಾದ ಆಧಾರವಿದೆ. ಗೋಡೆಯ ಕಿಟಕಿಗೆ ಆಕಾಶದ ಅರ್ಧಭಾಗ ಮಾತ್ರ ಕಾಣುತ್ತದೆ, ಉಳಿದರ್ಧದಲ್ಲಿ ನೆಲವಿರುತ್ತದೆ. ಛಾವಣಿಯ ಕಿಂಡಿಗೆ ಇಡೀ ಆಕಾಶ ತೆರೆದಿರುತ್ತದೆ. ಜೊತೆಗೆ, ದಟ್ಟವಾಗಿ ಮೋಡ ಕವಿದ ದಿನ ಆಕಾಶ ಎಲ್ಲೆಡೆ ಒಂದೇ ಸಮನೆ ಬೆಳ್ಳಗಿರುವುದಿಲ್ಲ: ನೆತ್ತಿಯ ಭಾಗ ದಿಗಂತಕ್ಕಿಂತ ಸುಮಾರು ಮೂರು ಪಟ್ಟು ಪ್ರಕಾಶಮಾನವಾಗಿರುತ್ತದೆಂದು 1942ರಲ್ಲಿ ಮೂನ್ ಮತ್ತು ಸ್ಪೆನ್ಸರ್ ಎಂಬ ವಿಜ್ಞಾನಿಗಳು ಸೂತ್ರೀಕರಿಸಿದರು, ಮತ್ತು ಕಟ್ಟಡಗಳ ಬೆಳಕಿನ ಲೆಕ್ಕಕ್ಕೆ ಇಂದಿಗೂ ಬಳಕೆಯಲ್ಲಿರುವುದು ಆ ಮಾದರಿಯೇ. ಅದರಂತೆ ಲೆಕ್ಕ ಹಾಕಿದರೆ, ಮೋಡದ ದಿನ ಮಲಗಿಸಿಟ್ಟ ಗಾಜಿನ ಮೇಲೆ ಬೀಳುವ ಆಕಾಶದ ಬೆಳಕು ನಿಲ್ಲಿಸಿಟ್ಟ ಗಾಜಿಗೆ ಸಿಗುವುದರ ಎರಡೂವರೆ ಪಟ್ಟಾಗುತ್ತದೆ. ಮಲೆನಾಡಿನ ಕತ್ತಲೆ ಅಡುಗೆಮನೆಗೆ ಒಂದೆರಡು ಗಾಜಿನ ಹೆಂಚು ಸಾಕಾಗುವುದರ ಹಿಂದೆ ಇರುವುದೂ ಇದೇ ಗಣಿತ.

ಬಸ್ಸಿನ ಲೆಕ್ಕವನ್ನು ಅಂಕಿಗಳಲ್ಲೇ ನೋಡಬಹುದು. 40 ಸೆಂಟಿಮೀಟರ್ ಚೌಕದ ಕಿಂಡಿಯ ವಿಸ್ತೀರ್ಣ 0.16 ಚದರ ಮೀಟರ್. ಮೋಡ ಕವಿದ ಮಧ್ಯಾಹ್ನ ಹೊರಗಿನ ಬೆಳಕು ಸುಮಾರು 10,000 ಲಕ್ಸ್ ಇರುತ್ತದೆಂದೂ, ಲಕ್ಸ್ ಎಂದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಲುಮೆನ್ ಎಂಬ ಬೆಳಕಿನ ಮಾನವೆಂದೂ ಇಟ್ಟುಕೊಂಡರೆ, ಗಾಜು ಹತ್ತರಲ್ಲಿ ಏಳು ಪಾಲನ್ನು ಒಳಬಿಟ್ಟಾಗ ದೊರಕುವುದು ಸುಮಾರು 1,100 ಲುಮೆನ್, ಅಂದರೆ 10-11 ವ್ಯಾಟಿನ ಒಂದು ಎಲ್‌ಇಡಿ ಬಲ್ಬಿನಷ್ಟು ಬೆಳಕು. ನಿಚ್ಚಳ ಬಿಸಿಲಿನಲ್ಲಿ ಹೊರಗೆ 1,00,000 ಲಕ್ಸ್ ಇರುವುದರಿಂದ ಅದೇ ಕಿಂಡಿಯಿಂದ 11,000 ಲುಮೆನ್ ಸುರಿಯುತ್ತದೆ. ಛಾವಣಿಯ ಅಷ್ಟೇ ಜಾಗದಲ್ಲಿ ಸೌರಫಲಕ ಇಟ್ಟಿದ್ದರೆ ಬಿಸಿಲಿನಲ್ಲಿ 32 ವ್ಯಾಟ್ ವಿದ್ಯುತ್ ಹುಟ್ಟಿ, ಅದು ಎಲ್‌ಇಡಿಯ ಮೂಲಕ 3,200 ಲುಮೆನ್ ಆಗಿ ಮರಳುತ್ತಿತ್ತು. ಬೆಳಕಿಗಾಗಿ ಬೆಳಕು ಎಂದು ನೋಡಿದರೆ ಕಿಂಡಿಯೇ ಮೂರು ಪಟ್ಟಿಗೂ ಮಿಕ್ಕಿ ಗೆಲ್ಲುತ್ತದೆ. ಆದರೆ ಫಲಕದ ಬೆಳಕನ್ನು ಬ್ಯಾಟರಿಯಲ್ಲಿ ರಾತ್ರಿಗೆ ಎತ್ತಿಡಬಹುದು, ಕಿಂಡಿಯದನ್ನು ಎತ್ತಿಡಲಾಗದು, ಮತ್ತು ಹಗಲಿನಲ್ಲಿ ಅಷ್ಟೊಂದು ಬೆಳಕು ಬಸ್ಸಿನೊಳಗೆ ಯಾರಿಗೂ ಬೇಕಿರುವುದಿಲ್ಲ. ಹತ್ತು ಮೀಟರ್ ಉದ್ದ, ಎರಡೂಕಾಲು ಮೀಟರ್ ಅಗಲದ ಛಾವಣಿ ಬಹಳ ದೊಡ್ಡದೆಂದು ತೋರಿದರೂ ಅದರ ಅಂಚುಗಳು ಬಾಗಿರುವುದರಿಂದ ಫಲಕಕ್ಕೆ ಒದಗುವ ಸಪಾಟು ಭಾಗ ಕಡಿಮೆ. ಅದರಲ್ಲೂ ಕಿಂಡಿಯ ಎತ್ತರದ ಅಂಚು ಪಕ್ಕದ ಫಲಕದ ಮೂಲೆಗೆ ನೆರಳು ಚಾಚಿದರೆ ಆ ಮೂಲೆಯ ಪಾಲಷ್ಟೇ ಅಲ್ಲ, ಸರಣಿಯಾಗಿ ಜೋಡಿಸಿದ ಇಡೀ ಸಾಲಿನ ಉತ್ಪಾದನೆಯೇ ಕುಗ್ಗುತ್ತದೆ.

ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಎರಡೂ ಬದಿಗೆ ಸಾಲು ಕಿಟಕಿಗಳಿರುವ ಶಾಲಾ ಬಸ್ಸಿಗೆ ಬೆಳಕಿನ ಬಡತನ ಎಲ್ಲಿಂದ ಬಂತು? ಬಸ್ಸು ತನ್ನ ಮೂಲ ಸ್ಥಿತಿಯಲ್ಲೇ ಇದ್ದರೆ ಛಾವಣಿಯ ಬೆಳಕಿಂಡಿ ಅದಕ್ಕೆ ಅಲಂಕಾರವಷ್ಟೆ. ಆದರೆ ಮಾರ್ಪಾಡು ಮಾಡುವವರಲ್ಲಿ ಹಲವರು ಚಳಿಗೆ, ಕಳ್ಳರಿಗೆ, ದಾರಿಹೋಕರ ಇಣುಕುನೋಟಕ್ಕೆ ಅಂಜಿ, ಒಂಟಿಗಾಜಿನ ಆ ಕಿಟಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಿತ್ತು ತಗಡು ಹೊಡೆದು ಒಳಗೆ ಉಷ್ಣರೋಧಕ ಫೋಮ್ ತುಂಬುತ್ತಾರೆ. ಉಳಿದವುಗಳ ಮುಂದೆ ಬೀರು, ಕಪಾಟು, ಬಚ್ಚಲಿನ ಗೋಡೆ ಬಂದು ನಿಲ್ಲುತ್ತವೆ. ಆಗ ಬೆಳಕಿಂಡಿಗೆ ನಿಜವಾದ ಸಮರ್ಥನೆ ಹುಟ್ಟುತ್ತದೆ. ತಲಾ 0.36 ಚದರ ಮೀಟರಿನ ಮೂರು ಕಿಟಕಿಗಳನ್ನು ಮುಚ್ಚಿ, ಅದರ ಬದಲು ಛಾವಣಿಯಲ್ಲಿ 0.43 ಚದರ ಮೀಟರಿನ ಒಂದೇ ಕಿಂಡಿ ಇಟ್ಟರೆ ಮೋಡದ ದಿನದ ಬೆಳಕು ಹೆಚ್ಚುಕಡಿಮೆ ಅಷ್ಟೇ ಉಳಿದು, ಗಾಜಿನ ವಿಸ್ತೀರ್ಣ ಮಾತ್ರ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಶಾಖದ ಸೋರಿಕೆಯೂ ಅದರೊಂದಿಗೆ ಇಳಿಯುತ್ತದೆ. ಕಿಟಕಿ ಮುಚ್ಚದೆ ಬೆಳಕಿಂಡಿ ಕೊರೆಯುವುದು ದುಂದು, ಮುಚ್ಚಿದ್ದಕ್ಕೆ ಪ್ರತಿಯಾಗಿ ಕೊರೆಯುವುದು ಉಳಿತಾಯ ಎಂದು ಹೇಳಿದರೆ ತಪ್ಪಾಗದು.

ಈ ಮಾತು ಚಳಿಗಾಲಕ್ಕೆ ಸಲ್ಲುತ್ತದೆ. ಬೇಸಿಗೆಯ ಕತೆ ಬೇರೆ. ಅರಿಜೋನಾ ರಾಜ್ಯದ ಫೀನಿಕ್ಸ್ ನಗರ ಉತ್ತರ ಅಕ್ಷಾಂಶ 33 ಡಿಗ್ರಿಯ ಮೇಲಿದ್ದು, ಅಲ್ಲಿ ಜೂನ್ ಕೊನೆಯ ನಡುಹಗಲಿನಲ್ಲಿ ಸೂರ್ಯ ದಿಗಂತದಿಂದ 80 ಡಿಗ್ರಿ ಎತ್ತರಕ್ಕೇರಿರುತ್ತಾನೆ, ಡಿಸೆಂಬರ್ ಕೊನೆಯಲ್ಲಿ 33 ಡಿಗ್ರಿ ಮಾತ್ರ. ಕಿರಣಗಳಿಗೆ ನೇರವಾಗಿ ಎದುರು ಹಿಡಿದ ಹಲಗೆಗೆ ಸಿಗುವ ಶಾಖವನ್ನು ನೂರೆಂದು ಇಟ್ಟುಕೊಂಡರೆ, ಜೂನಿನಲ್ಲಿ ಛಾವಣಿಯ ಗಾಜಿಗೆ 98, ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಗಾಜಿಗೆ 17 ಸಿಗುತ್ತವೆ. ಡಿಸೆಂಬರಿನಲ್ಲಿ ಛಾವಣಿಗೆ 55, ಗೋಡೆಗೆ 84. ಬಿಸಿ ಬೇಡವಾದಾಗ ಬಾಚಿಕೊಂಡು, ಬೇಕಾದಾಗ ಜಿಪುಣತನ ತೋರಿಸುವುದು ಮಲಗಿಸಿಟ್ಟ ಗಾಜಿನ ಸ್ವಭಾವ. ದಕ್ಷಿಣದ ಕಿಟಕಿಯದು ಇದಕ್ಕೆ ತದ್ವಿರುದ್ಧ. ಸಮಭಾಜಕಕ್ಕೆ ಇನ್ನಷ್ಟು ಹತ್ತಿರವಿರುವ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ, ಸೂರ್ಯ ನೆತ್ತಿಯ ಮೇಲೆಯೇ ಬಂದು ನೆರಳು ಕಾಲಡಿಗೆ ಸೇರುತ್ತದೆ, ಡಿಸೆಂಬರಿನ ನಡುಹಗಲಲ್ಲೂ ಛಾವಣಿಯ ಪಾಲು 80ರಷ್ಟು ಇರುತ್ತದೆ. ಹಾಗಾಗಿ ಇಂಥ ಕಿಂಡಿಗೆ ಇಲ್ಲಿ ಬಿಡುವಿನ ಋತುವೇ ಇಲ್ಲ.

ಆದರೆ ಬಿಸಿಲಿನ ಬೆಳಕು ಸ್ವಭಾವತಃ ಬಲ್ಬಿನ ಬೆಳಕಿಗಿಂತ ಹೆಚ್ಚು ಬಿಸಿ ಎಂಬ ಸಾಮಾನ್ಯ ನಂಬಿಕೆ ಸರಿಯಲ್ಲ. ಸೂರ್ಯನ ಬೆಳಕಿನ ಪ್ರತಿ ವ್ಯಾಟಿಗೆ ನೂರರ ಆಸುಪಾಸಿನಷ್ಟು ಲುಮೆನ್ ಬರುತ್ತದೆ, ಸಾಮಾನ್ಯ ಎಲ್‌ಇಡಿಯದೂ ಅಷ್ಟೇ. ಮೇಲೆ ಹೇಳಿದ 40 ಸೆಂಟಿಮೀಟರ್ ಕಿಂಡಿ ನಡುಹಗಲಲ್ಲಿ ತರುವ 110 ವ್ಯಾಟ್ ಶಾಖ ವಿಶ್ರಾಂತಿಯಲ್ಲಿರುವ ಒಬ್ಬ ಮನುಷ್ಯನ ಮೈಯಿಂದ ಹೊರಡುವ ಶಾಖಕ್ಕೆ ಹತ್ತಿರದ್ದು, ಸಹಿಸಬಹುದಾದದ್ದು. ತೊಂದರೆಯಿರುವುದು ಗಾತ್ರದಲ್ಲಿ: 60ಕ್ಕೆ 90 ಸೆಂಟಿಮೀಟರಿನ ಕಿಂಡಿ ಅದೇ ಬಿಸಿಲಿನಲ್ಲಿ 380 ವ್ಯಾಟ್ ತರುತ್ತದೆ, ಅಂಥವು ಎರಡಾದರೆ ಸಣ್ಣ ಹವಾನಿಯಂತ್ರಣ ಯಂತ್ರದ ಅರ್ಧ ಶಕ್ತಿ ಅದನ್ನು ಹೊರದೂಡುವುದಕ್ಕೇ ವ್ಯಯವಾಗುತ್ತದೆ. ಸೂರ್ಯನ ಶಾಖದಲ್ಲಿ ಹೆಚ್ಚುಕಡಿಮೆ ಅರ್ಧ ಕಣ್ಣಿಗೆ ಕಾಣದ ಅವರಕ್ತ ಕಿರಣಗಳ ರೂಪದಲ್ಲಿರುವುದರಿಂದ, ಆ ಭಾಗವನ್ನು ಮಾತ್ರ ಹಿಂದಿರುಗಿಸುವ ತೆಳು ಲೋಹದ ಲೇಪವಿರುವ ಗಾಜು ಬೆಳಕನ್ನು ಬಹುಮಟ್ಟಿಗೆ ಉಳಿಸಿಕೊಂಡು ಶಾಖವನ್ನು ಅರ್ಧಕ್ಕೆ ಇಳಿಸಬಲ್ಲದು. ಲೇಪವಿಲ್ಲದ ಗಾಜಿಗೆ ಮರೆ ಹಾಕುವುದಾದರೆ ಹೊರಗಿನಿಂದ ಹಾಕಬೇಕು. ಒಳಗೆ ಎಳೆದ ಪರದೆ ಬಿಸಿಲನ್ನು ಹೀರಿ ತಾನು ಕಾಯುತ್ತದೆ, ಕಾದ ಪರದೆ ಸೂಸುವ ದೀರ್ಘ ತರಂಗದ ಶಾಖಕ್ಕೆ ಗಾಜು ದಾರಿ ಬಿಡುವುದಿಲ್ಲ, ಹಾಗಾಗಿ ಶಾಖ ಒಳಗೇ ಸಿಕ್ಕಿಬೀಳುತ್ತದೆ. ಬಿಳಿಯ ಅಥವಾ ಹೊಳೆಯುವ ಪರದೆಯಾದರೆ ಬೆಳಕನ್ನು ಬೆಳಕಾಗಿಯೇ ಹಿಂದಕ್ಕೆ ಕಳಿಸುವುದರಿಂದ ಸ್ವಲ್ಪ ವಾಸಿ.

ಚಳಿಗಾಲದ ಸೋರಿಕೆಯನ್ನು ಅಳೆಯಲು ಎಂಜಿನಿಯರರು ಬಳಸುವ ‘ಯು ಮೌಲ್ಯ’ ಎಂಬ ಅಂಕಿಯು, ಒಳಹೊರಗಿನ ತಾಪ ಒಂದು ಡಿಗ್ರಿಯಷ್ಟು ಭಿನ್ನವಾಗಿರುವಾಗ ಒಂದು ಚದರ ಮೀಟರಿನ ಮೂಲಕ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂಬುದನ್ನು ಹೇಳುತ್ತದೆ. ಐದು ಸೆಂಟಿಮೀಟರ್ ದಪ್ಪದ ಒಳ್ಳೆಯ ಫೋಮ್ ತುಂಬಿದ ಛಾವಣಿಗೆ ಇದು 0.45ರ ಸುಮಾರು, ಎರಡು ಪದರದ ಪ್ಲಾಸ್ಟಿಕ್ ಗುಮ್ಮಟಕ್ಕೆ 2.8ರ ಸುಮಾರು, ಒಂಟಿ ಗಾಜಿಗೆ 6 ಅಥವಾ ಅದಕ್ಕೂ ಹೆಚ್ಚು. ಬಿಸಿಗಾಳಿ ಮೇಲೇರಿ ಛಾವಣಿಗೇ ತಾಗಿ ನಿಲ್ಲುವುದರಿಂದ, ಒಂದೇ ಗಾಜು ಗೋಡೆಯಲ್ಲಿದ್ದಾಗ ಕಳೆದುಕೊಳ್ಳುವುದಕ್ಕಿಂತ ಛಾವಣಿಯಲ್ಲಿದ್ದಾಗ ಹೆಚ್ಚು ಕಳೆದುಕೊಳ್ಳುತ್ತದೆ. ಹೀಗಿದ್ದರೂ ಈ ನಷ್ಟವನ್ನು ಉತ್ಪ್ರೇಕ್ಷಿಸಬೇಕಾಗಿಲ್ಲ: ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದು ಒಳಗೆ 20 ಇದ್ದಾಗ, 60ಕ್ಕೆ 90 ಸೆಂಟಿಮೀಟರಿನ ಒಂಟಿಗಾಜಿನ ಕಿಂಡಿ ಕಳೆಯುವುದು ನೂರು ವ್ಯಾಟಿನ ಆಸುಪಾಸು, ಒಲೆ ಉರಿಯುವ ಬಸ್ಸಿಗೆ ಅದು ದೊಡ್ಡ ಹೊರೆಯೇನಲ್ಲ. ಫೋಮಿನ ನಡುವೆ ಇಣುಕುವ ಉಕ್ಕಿನ ಪಕ್ಕೆಲುಬುಗಳು, ಫೋಮಿಗಿಂತ ಸಾವಿರಾರು ಪಟ್ಟು ಸಲೀಸಾಗಿ ಶಾಖ ಹರಿಸುವವು, ಸದ್ದಿಲ್ಲದೆ ಕಳೆಯುವ ಶಾಖವೂ ಇದಕ್ಕೆ ಕಡಿಮೆಯಿಲ್ಲ.

ಚಳಿಗಾಲದ ನಿಜವಾದ ತಲೆನೋವು ನೀರಹನಿ. 20 ಡಿಗ್ರಿ ತಾಪದಲ್ಲಿ ತೇವಾಂಶ ಅರ್ಧದಷ್ಟಿರುವ ಗಾಳಿಯು ತಣ್ಣಗಾಗುತ್ತ 9 ಡಿಗ್ರಿಗೆ ಇಳಿದೊಡನೆ ತನ್ನಲ್ಲಿನ ಆವಿಯನ್ನು ಹಿಡಿದಿಡಲಾರದೆ ನೀರಾಗಿ ಬಿಡತೊಡಗುತ್ತದೆ. ಈ ತಾಪವನ್ನು ಇಬ್ಬನಿ ಬಿಂದು ಎನ್ನುತ್ತಾರೆ. ಮೇಲೆ ಹೇಳಿದ ಚಳಿಯಲ್ಲಿ ಒಂಟಿಗಾಜಿನ ಒಳಮೈ 2 ಡಿಗ್ರಿಯ ಹತ್ತಿರ ಇರುತ್ತದೆ, ಆದ್ದರಿಂದ ಅದರ ಮೇಲೆ ನೀರು ಕೂಡಿಯೇ ತೀರುತ್ತದೆ. ಎರಡು ಪದರದ್ದರ ಒಳಮೈ 11-12 ಡಿಗ್ರಿಯಲ್ಲಿದ್ದು ಕೂದಲೆಳೆಯಲ್ಲಿ ಪಾರಾಗುತ್ತದೆ, ಆದರೆ ಅದನ್ನು ಹಿಡಿದ ಅಲ್ಯೂಮಿನಿಯಂ ಚೌಕಟ್ಟು ಪಾರಾಗುವುದಿಲ್ಲ. ಈ ನೀರೆಲ್ಲ ಎಲ್ಲಿಂದ ಬರುತ್ತದೆ ಎಂದರೆ, ಇಬ್ಬರು ಮಲಗಿದ ಒಂದು ರಾತ್ರಿಯಲ್ಲಿ ಉಸಿರು ಮತ್ತು ಚರ್ಮದ ಮೂಲಕ ಅರ್ಧ ಲೀಟರಿಗೂ ಹೆಚ್ಚು ನೀರು ಗಾಳಿಗೆ ಸೇರುತ್ತದೆ. ಒಳಗೆ ಪ್ರೊಪೇನ್ ಅನಿಲದ ಒಲೆ ಉರಿಸಿದರೆ ಪ್ರತಿ ಕಿಲೋ ಅನಿಲಕ್ಕೆ 1.6 ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ, ಇದು ಆ ದಹನದ ರಾಸಾಯನಿಕ ಸಮೀಕರಣದಲ್ಲೇ ಇರುವ ಲೆಕ್ಕ. ನಿರಭ್ರ ರಾತ್ರಿಯಲ್ಲಿ ಆಕಾಶಕ್ಕೆ ಮುಖಮಾಡಿದ ಮೇಲ್ಮೈಗಳು ತಮ್ಮ ಶಾಖವನ್ನು ಬಾಹ್ಯಾಕಾಶದ ಕಡೆಗೆ ಸೂಸಿ ಸುತ್ತಲ ಗಾಳಿಗಿಂತಲೂ ತಣ್ಣಗಾಗುವುದರಿಂದ ಕಿಂಡಿಯ ಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ. ರಾತ್ರಿ ಬಯಲಲ್ಲಿ ನಿಂತ ಕಾರಿನ ಟಾಪಿನ ಮೇಲೆ ಬೆಳಗ್ಗೆ ನೀರು ನಿಂತಿದ್ದು, ಬಾಗಿಲುಗಳು ಒಣಗಿರುವುದು ಇದೇ ಕಾರಣಕ್ಕೆ. ಗೋಡೆಯ ಗಾಜಿನ ಮೇಲಿನ ನೀರು ಕೆಳಗಿನ ಅಂಚಿಗೆ ಇಳಿದು ಹೋಗುತ್ತದೆ, ಮಲಗಿಸಿಟ್ಟ ಗಾಜಿನದು ತೊಟ್ಟಿಕ್ಕುತ್ತದೆ. ನಕ್ಷತ್ರ ನೋಡಲೆಂದು ಹಾಸಿಗೆಯ ಮೇಲೆ ಕೊರೆದ ಕಿಂಡಿ ಬೆಳಗಿನ ಜಾವ ಕಂಬಳಿಯನ್ನು ಒದ್ದೆ ಮಾಡುವುದು ಹೀಗೆ.

ಈ ತೇವಕ್ಕೂ ಬೇಸಿಗೆಯ ಕಾವಿಗೂ ಮದ್ದು ಆ ಕಿಂಡಿಯನ್ನೇ ತೆರೆಯುವಂತೆ ಮಾಡುವುದು, ಮತ್ತು ಬೆಳಕಿಂಡಿಯ ಪರವಾದ ಅತ್ಯಂತ ಬಲವಾದ ವಾದವಿರುವುದು ಬೆಳಕಿನಲ್ಲಲ್ಲ, ಇಲ್ಲಿ. ಬಸ್ಸಿನ ಕಿಟಕಿಗಳ ಮೇಲಂಚಿಗೂ ಛಾವಣಿಗೂ ನಡುವೆ ಉಳಿಯುವ ಕಮಾನಿನ ಜಾಗದಲ್ಲಿ ಬಿಸಿಗಾಳಿ ತುಂಬಿಕೊಂಡು ಹೊರಹೋಗಲು ದಾರಿ ಕಾಣದೆ ನಿಲ್ಲುತ್ತದೆ. ಕೆಳಗೊಂದು ಕಿಟಕಿ, ನೆತ್ತಿಯಲ್ಲೊಂದು ಕಿಂಡಿ ತೆರೆದರೆ, ಹಗುರಾದ ಬಿಸಿಗಾಳಿ ಮೇಲಿನಿಂದ ಹೊರಟು ತಣ್ಣನೆಯ ಗಾಳಿಯನ್ನು ಕೆಳಗಿನಿಂದ ಒಳಗೆಳೆಯುತ್ತದೆ; ಅಡುಗೆಮನೆಯ ಹೊಗೆಗೂಡು ಕೆಲಸ ಮಾಡುವುದೂ ಈ ತತ್ತ್ವದಿಂದಲೇ. ಎರಡು ತೆರಪುಗಳ ನಡುವೆ ಒಂದೂವರೆ ಮೀಟರ್ ಎತ್ತರದ ಅಂತರ, ಒಳಹೊರಗಿನ ತಾಪದಲ್ಲಿ 5 ಡಿಗ್ರಿಯ ವ್ಯತ್ಯಾಸ, 0.1 ಚದರ ಮೀಟರಿನಷ್ಟು ಪರಿಣಾಮಕಾರಿ ತೆರಪು ಇಷ್ಟಿದ್ದರೆ ಫ್ಯಾನಿಲ್ಲದೆ, ಗಾಳಿ ಬೀಸದೆ, ಗಂಟೆಗೆ 150 ಘನ ಮೀಟರಿನಷ್ಟು ಗಾಳಿ ಹರಿಯುತ್ತದೆ. ನಲವತ್ತು ಚಿಲ್ಲರೆ ಘನ ಮೀಟರಿನ ಬಸ್ಸಿನಲ್ಲಿ ಅದು ಗಂಟೆಗೆ ಮೂರ್ನಾಲ್ಕು ಸಲ ಇಡೀ ಗಾಳಿಯನ್ನು ಬದಲಾಯಿಸಿದಂತೆ. ತೆರೆಯದ ಗಾಜು ಎಷ್ಟೇ ಸುಂದರವಾಗಿದ್ದರೂ ಶಾಖ ತರುವ ಕೆಲಸವನ್ನು ಮಾತ್ರ ಮಾಡಿ, ತೆಗೆದುಕೊಂಡು ಹೋಗುವ ಕೆಲಸವನ್ನು ಮಾಡುವುದಿಲ್ಲ.

ತೆರೆಯುವ ಮುಚ್ಚಳಕ್ಕೆ ಓಡುವ ಬಸ್ಸಿನಲ್ಲಿ ಬೇರೊಂದು ಪರೀಕ್ಷೆ ಕಾದಿರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ಒತ್ತಡ ಪ್ರತಿ ಚದರ ಮೀಟರಿಗೆ 47 ಕಿಲೋ ಭಾರಕ್ಕೆ ಸಮ. ಗಾಳಿ ಬಸ್ಸಿನ ಹಣೆಯನ್ನು ದಾಟಿ ಛಾವಣಿಯ ಮೇಲೆ ರಭಸದಿಂದ ಜಾರುವಾಗ ಅಷ್ಟೇ ಪ್ರಮಾಣದ ಹೀರುವಿಕೆ ಮೇಲ್ಮುಖವಾಗಿ ಉಂಟಾಗಬಹುದು. 60 ಸೆಂಟಿಮೀಟರ್ ಚೌಕದ ಮುಚ್ಚಳದ ಮೇಲೆ ಅದು 17 ಕಿಲೋದ ಎಳೆತ. ಆದ್ದರಿಂದ ಕೀಲು ಮುಂಭಾಗದಲ್ಲಿರಬೇಕು. ಚಿಲಕ ಕಳಚಿದರೂ ಎದುರುಗಾಳಿ ಮುಚ್ಚಳವನ್ನು ಕೆಳಗೆ ಒತ್ತುತ್ತದೆಯೇ ಹೊರತು ಅದರಡಿಗೆ ನುಗ್ಗಿ ಹಾರಿಸಲಾರದು.

ಮುಂದಿನದು ನೀರಿನ ಸೋರಿಕೆ, ಮಾರ್ಪಡಿಸಿದ ಬಸ್ಸುಗಳ ಬೆಳಕಿಂಡಿಗಳಲ್ಲಿ ಹೆಚ್ಚಿನವುಗಳ ಅಪಕೀರ್ತಿಗೆ ಕಾರಣ. ಮನೆಯ ಛಾವಣಿ ನಿಂತಲ್ಲೇ ನಿಂತಿರುತ್ತದೆ, ಬಸ್ಸಿನದು ಹಾಗಲ್ಲ. ಒಂದು ಚಕ್ರ ದಿಣ್ಣೆ ಏರಿ ಇನ್ನೊಂದು ಗುಂಡಿಗೆ ಇಳಿದಾಗ ಚಾಸಿಯೂ ಅದರ ಮೇಲಿನ ಒಡಲೂ ತುಸು ತಿರುಚಿಕೊಂಡು ಮರಳುತ್ತವೆ, ಚೌಕವಾಗಿ ಕೊರೆದ ರಂಧ್ರ ಆ ಕ್ಷಣಕ್ಕೆ ವಜ್ರಾಕೃತಿಯ ಕಡೆಗೆ ವಾಲುತ್ತದೆ, ಮತ್ತು ಗಾಜಿನ ಚೌಕಟ್ಟು ಹಾಗೆ ವಾಲಲಾರದ್ದರಿಂದ ಎರಡರ ನಡುವಿನ ಅಂಟು ಆ ಎಳೆದಾಟವನ್ನೆಲ್ಲ ನುಂಗಿಕೊಳ್ಳಬೇಕಾಗುತ್ತದೆ. ಬಿಸಿಲು ಇನ್ನೊಂದು ಬಗೆಯ ಎಳೆದಾಟವನ್ನು ತರುತ್ತದೆ. 50 ಡಿಗ್ರಿ ತಾಪ ಏರಿದರೆ 90 ಸೆಂಟಿಮೀಟರ್ ಉದ್ದದ ಅಕ್ರಿಲಿಕ್ ಹಾಳೆ ಮೂರು ಮಿಲಿಮೀಟರಿಗೂ ಮಿಕ್ಕಿ ಹಿಗ್ಗುತ್ತದೆ, ಅದರಡಿಯ ಉಕ್ಕು ಅರ್ಧ ಮಿಲಿಮೀಟರ್ ಮಾತ್ರ. ಹಾಳೆಗೆ ಸರಿಯಾದ ಅಳತೆಯ ತೂತು ಕೊರೆದು ಸ್ಕ್ರೂಗಳಿಂದ ಬಿಗಿದರೆ ಒಂದೆರಡು ಬೇಸಿಗೆಗಳಲ್ಲಿ ತೂತಿನಿಂದ ತೂತಿಗೆ ಬಿರುಕು ಓಡುವುದು ನಿಶ್ಚಿತ. ತೂತನ್ನು ಸ್ಕ್ರೂವಿಗಿಂತ ದೊಡ್ಡದಾಗಿ ಕೊರೆದು, ರಬ್ಬರ್ ಪಟ್ಟಿಯ ನಡುವೆ ಹಾಳೆ ಅತ್ತಿತ್ತ ಜಾರಲು ಬಿಡುವುದು ಬಲ್ಲವರ ಪದ್ಧತಿ.

ಕೆಲಸವನ್ನು ಹತ್ತಿರದಿಂದ ನೋಡಿದರೆ ಸೋರಿಕೆ ಹುಟ್ಟುವ ಜಾಗ ಗೊತ್ತಾಗುತ್ತದೆ. ಛಾವಣಿ ಅಡ್ಡಡ್ಡಲಾಗಿ ಬಾಗಿದೆ, ಬೆಳಕಿಂಡಿಯ ಚೌಕಟ್ಟು ಸಪಾಟಾಗಿದೆ. ಚೌಕಟ್ಟನ್ನು ಇಟ್ಟಾಗ ನಡುವೆ ತಾಗಿದ್ದು ಎರಡೂ ಬದಿಗಳಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಅವಸರದ ಕೆಲಸಗಾರ ಆ ಸಂದಿಗೆ ಸಿಲಿಕೋನ್ ಸುರಿದು ಮುಗಿಸುತ್ತಾನೆ. ಹೊರಗಿನ ಪದರ ಒಣಗಿ ಒಳಗೆ ಹಸಿಯಾಗಿಯೇ ಉಳಿದ ಆ ದಪ್ಪನೆಯ ಗಟ್ಟಿ, ಮೊದಲ ತಿರುಚಾಟಕ್ಕೆ ತಗಡಿನಿಂದ ಬಿಟ್ಟುಕೊಳ್ಳುತ್ತದೆ, ಮತ್ತು ಹಳೆಯ ಸಿಲಿಕೋನಿನ ಜಿಡ್ಡಿನ ಮೇಲೆ ಹೊಸ ಸಿಲಿಕೋನ್ ಕೂಡ ಹಿಡಿಯುವುದಿಲ್ಲವಾದ್ದರಿಂದ ಮರುದುರಸ್ತಿ ಎಂದರೆ ಎಲ್ಲವನ್ನೂ ಕೆರೆದು ತೆಗೆಯುವುದೇ. ಛಾವಣಿಯ ಬಾಗನ್ನು ಕಾಗದದ ಮೇಲೆ ಗೀಚಿಕೊಂಡು, ಅದರಂತೆ ಕತ್ತರಿಸಿದ ಎತ್ತರದ ಕಟ್ಟೊಂದನ್ನು ಮೊದಲು ತಗಡಿಗೆ ಬೆಸೆದು, ಕತ್ತರಿಸಿದ ಅಂಚುಗಳಿಗೆ ತುಕ್ಕುರೋಧಕ ಪ್ರೈಮರ್ ಹಚ್ಚಿ, ಎಂದಿಗೂ ಪೂರ್ತಿ ಗಟ್ಟಿಯಾಗದ ಬ್ಯುಟೈಲ್ ಪಟ್ಟಿಯ ಮೇಲೆ ಚೌಕಟ್ಟನ್ನು ಕೂರಿಸುವುದು ನಿಧಾನದ ದಾರಿಯಾದರೂ ಅದೇ ಸರಿಯಾದದ್ದು. ಕಟ್ಟು ಎರಡು ಮೂರು ಅಂಗುಲ ಎದ್ದಿದ್ದರೆ ಛಾವಣಿಯ ಮೇಲೆ ಹರಿಯುವ ನೀರು ಅಂಟಿನವರೆಗೆ ಏರುವುದೇ ಇಲ್ಲ. ಒಳಕ್ಕೆ ನುಸುಳಿದ ನೀರು ನುಸುಳಿದಲ್ಲೇ ತೊಟ್ಟಿಕ್ಕುವುದೂ ಇಲ್ಲ: ಪಕ್ಕೆಲುಬಿನ ಗುಂಟ ಇಳಿದು, ಗೋಡೆಯ ತಳದಲ್ಲಿ ನಿಂತು, ಫೋಮಿನ ಹಿಂದೆ ವರ್ಷಗಟ್ಟಲೆ ಉಕ್ಕನ್ನು ತಿನ್ನುತ್ತದೆ. ವರ್ಷಕ್ಕೆ ಕೆಲವೇ ದಿನ ಮಳೆ ಕಾಣುವ ಅರಿಜೋನಾದಲ್ಲಿ ಗೊತ್ತೇ ಆಗದ ದೋಷ, ಅದೇ ದೇಶದ ವಾಯವ್ಯ ಮೂಲೆಯ ಜಿಟಿಜಿಟಿ ಮಳೆಗೆ ಒಂದೇ ಚಳಿಗಾಲದಲ್ಲಿ ಹೊರಬೀಳುತ್ತದೆ.

ಗಾಜೋ ಪ್ಲಾಸ್ಟಿಕ್ಕೋ ಎಂಬ ಆಯ್ಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪಾಲಿಕಾರ್ಬೊನೇಟ್ ಸುತ್ತಿಗೆ ಏಟಿಗೂ ಒಡೆಯದು, ಆದರೆ ಬಿಸಿಲಿಗೆ ಹಳದಿಗಟ್ಟುತ್ತದೆ, ಕೊಂಬೆ ತಾಗಿದರೆ ಗೀರಾಗುತ್ತದೆ; ಅಕ್ರಿಲಿಕ್ ಬಿಸಿಲನ್ನು ತಡೆದುಕೊಳ್ಳುತ್ತದೆ, ಏಟಿಗೆ ಬಿರಿಯುತ್ತದೆ; ಗಾಜು ಗೀರಿಗೆ ಜಗ್ಗುವುದಿಲ್ಲವಾದರೂ ಭಾರ, ಮತ್ತು ತಲೆಯ ಮೇಲೆ ಇರುವುದರಿಂದ ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿರುವ, ಒಡೆದರೂ ಉದುರದ ಬಗೆಯದೇ ಆಗಬೇಕು. ದೋಣಿಗಳ ಮೇಲ್ಗಟ್ಟೆಗೆಂದು ಮಾಡಿದ ಅಕ್ರಿಲಿಕ್ ಮುಚ್ಚಳಗಳು ಅಲುಗಾಟಕ್ಕೂ ಅಲೆಯ ಹೊಡೆತಕ್ಕೂ ಒಗ್ಗಿದವಾದ್ದರಿಂದ ಬಸ್ಸಿಗೂ ಚೆನ್ನಾಗಿ ಒಗ್ಗುತ್ತವೆ. ಬೆಲೆ ಮಾತ್ರ ದುಬಾರಿ.

ವಾಹನದ ಛಾವಣಿಗೆ ಗಾಜು ಹಾಕುವ ಆಸೆ ಸ್ಕೂಲಿಗಳಿಗಿಂತ ಹಳೆಯದು. ಫೋಕ್ಸ್‌ವ್ಯಾಗನ್ ಕಂಪನಿ 1951ರಲ್ಲಿ ಹೊರತಂದ ಸಾಂಬಾ ಎಂಬ ಪುಟ್ಟ ಬಸ್ಸಿಗೆ 23 ಕಿಟಕಿಗಳಿದ್ದು, ಅವುಗಳಲ್ಲಿ ಎಂಟು ಛಾವಣಿಯ ಬಾಗಿದ ಅಂಚಿನಲ್ಲಿದ್ದವು. ಪ್ರಯಾಣಿಕರಿಗೆ ಆಲ್ಪ್ಸ್ ಪರ್ವತದ ತುದಿಗಳು ಕುಳಿತಲ್ಲಿಂದಲೇ ಕಾಣಬೇಕಿದ್ದದ್ದು ಆ ಓರೆಯ ಕೋನದಿಂದಲೇ, ನೆತ್ತಿಯಿಂದಲ್ಲ. 1964ರಲ್ಲಿ ಲೇಖಕ ಕೆನ್ ಕೀಸಿ ಮತ್ತು ಸಂಗಡಿಗರು 1939ರ ಶಾಲಾ ಬಸ್ಸೊಂದರಲ್ಲಿ ಅಮೆರಿಕವನ್ನು ದಾಟಿದಾಗ, ಅದರ ಛಾವಣಿಯನ್ನು ಕೊರೆದು ಬಟ್ಟೆ ಒಗೆಯುವ ಯಂತ್ರದ ಡ್ರಮ್ಮನ್ನು ತೂರಿಸಿ ವೀಕ್ಷಣಾ ಗೂಡೊಂದನ್ನು ಮಾಡಿಕೊಂಡಿದ್ದರು, ಸೋರಿಕೆಯ ಚಿಂತೆ ಅವರ ಪಟ್ಟಿಯಲ್ಲಿ ಬಹಳ ಕೆಳಗಿದ್ದಿರಬೇಕು. ಕನ್ನಡಿಗರಿಗೆ ಹೆಚ್ಚು ಪರಿಚಿತವಾದದ್ದು 2021ರ ಜುಲೈನಿಂದ ಯಶವಂತಪುರ ಮತ್ತು ಮಂಗಳೂರಿನ ನಡುವಿನ ರೈಲಿಗೆ ಸೇರಿದ, ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟವನ್ನು ಗಾಜಿನ ಛಾವಣಿಯಡಿಯಿಂದ ತೋರಿಸುವ ವಿಸ್ಟಾಡೋಮ್ ಬೋಗಿ. ಅಲ್ಲಿ ಗಾಜು ತರುವ ಕಾವನ್ನು ಹವಾನಿಯಂತ್ರಣ ಸದಾ ಹೊರಹಾಕುತ್ತಿರುತ್ತದೆ, ಅದಕ್ಕೆ ಬೇಕಾದ ವಿದ್ಯುತ್ತನ್ನು ರೈಲು ಒದಗಿಸುತ್ತದೆ. ಬ್ಯಾಟರಿಯ ಪ್ರತಿ ಯೂನಿಟ್ಟನ್ನೂ ಎಣಿಸಿ ಬಳಸುವ ಬಸ್ಸುಮನೆಗೆ ಆ ಐಷಾರಾಮ ಇರುವುದಿಲ್ಲ. ಭಾರತದಲ್ಲಿ ಇಂಥ ಮಾರ್ಪಾಡಿಗೆ ಕೈಹಾಕುವವರು 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯನ್ನೂ ನೋಡಿಕೊಳ್ಳಬೇಕು. ವಾಹನದ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ನಿರೂಪಣೆಗಿಂತ ಭಿನ್ನವಾಗುವಂತೆ ಅದನ್ನು ಬದಲಿಸುವುದನ್ನು ಆ ವಿಧಿ ನಿರ್ಬಂಧಿಸುತ್ತದೆ.

ಇಷ್ಟೆಲ್ಲ ಲೆಕ್ಕದ ನಡುವೆ ಹಲವರ ಕಣ್ಣಿಗೆ ಬೀಳದೆ ಉಳಿಯುವ ಸಂಗತಿಯೆಂದರೆ, ಶಾಲಾ ಬಸ್ಸುಗಳಲ್ಲಿ ಅನೇಕವಕ್ಕೆ ಛಾವಣಿಯಲ್ಲಿ ಒಂದೋ ಎರಡೋ ರಂಧ್ರ ಕಾರ್ಖಾನೆಯಿಂದಲೇ ಬಂದಿರುತ್ತದೆ. 1988ರ ಮೇ 14ರ ರಾತ್ರಿ ಕೆಂಟಕಿ ರಾಜ್ಯದ ಕ್ಯಾರಲ್‌ಟನ್ ಬಳಿ, ಚರ್ಚಿನ ಮಕ್ಕಳನ್ನು ಹೊತ್ತಿದ್ದ ಹಳೆಯ ಶಾಲಾ ಬಸ್ಸೊಂದಕ್ಕೆ ಎದುರಿನಿಂದ ವಾಹನ ಗುದ್ದಿ ಬೆಂಕಿ ಹತ್ತಿಕೊಂಡಾಗ ಮುಂಬಾಗಿಲು ಬಳಸಲಾಗದೆ, ಹಿಂಬಾಗಿಲೊಂದೇ ಸಾಲದೆ 27 ಜನ ಸತ್ತರು. 1992ರಲ್ಲಿ ತಿದ್ದಿದ ನಿಯಮಗಳು ಬಸ್ಸಿನ ಗಾತ್ರಕ್ಕೆ ತಕ್ಕಂತೆ ತುರ್ತು ನಿರ್ಗಮನಗಳ ಸಂಖ್ಯೆಯನ್ನು ಹೆಚ್ಚಿಸಿದವು, ಛಾವಣಿಯ ಮುಚ್ಚಳವೂ ಅವುಗಳಲ್ಲೊಂದು. ನಿಯಮದ ಪ್ರಕಾರ ಅದರ ತೆರಪು ಕನಿಷ್ಠ 41 ಸೆಂಟಿಮೀಟರ್ ಚೌಕವಿರಬೇಕು, ಕೀಲು ಮುಂಬದಿಗಿರಬೇಕು, ಒಳಗಿನಿಂದಲೂ ಹೊರಗಿನಿಂದಲೂ ತೆರೆಯುವಂತಿರಬೇಕು. ಅಂದರೆ ಪಕ್ಕೆಲುಬುಗಳ ನಡುವೆ ಕೂರಿಸಿ, ಬಾಗಿಗೆ ಹೊಂದುವ ಕಟ್ಟು ಕೊಟ್ಟು, ಗಾಳಿಯ ದಿಕ್ಕನ್ನು ಗಮನಿಸಿ ಮಾಡಿದ ರಂಧ್ರವೊಂದು ಅಲ್ಲಿ ಸಿದ್ಧವಾಗಿದೆ. ಅದರ ಅಪಾರದರ್ಶಕ ಮುಚ್ಚಳದ ಜಾಗಕ್ಕೆ ಎರಡು ಪದರದ ಪಾರದರ್ಶಕ ಮುಚ್ಚಳವನ್ನು ಹಾಕಿ, ಹೊರಗೆ ಬಿಸಿಲಿಗೊಂದು ಹೊದಿಕೆ, ಒಳಗೆ ಸೊಳ್ಳೆಪರದೆ ಜೋಡಿಸಿದರೆ ಹೊಸದಾಗಿ ತಗಡು ಕೊಯ್ಯುವ ಅಗತ್ಯ ಬಹುಪಾಲು ಬಸ್ಸುಗಳಿಗೆ ಬರುವುದಿಲ್ಲ. ಈ ರಂಧ್ರ ಬೇಡವೆಂದು ಮುಚ್ಚಿ ಅದರ ಮೇಲೆ ಸೌರಫಲಕ ಹೊದಿಸುವವರೂ ಇದ್ದು, ಅದು ಅಷ್ಟೇನೂ ಒಳ್ಳೆಯ ನಿರ್ಧಾರವಲ್ಲ. ಬಸ್ಸು ಪಕ್ಕಕ್ಕೆ ಉರುಳಿದಾಗ ಬಾಗಿಲಿನ ಬದಿ ನೆಲಕ್ಕಾನಬಹುದು, ಎದುರು ಬದಿಯ ಕಿಟಕಿಗಳು ತಲೆಯ ಮೇಲೆ ಎಟುಕದ ಎತ್ತರಕ್ಕೆ ಏರುತ್ತವೆ, ಛಾವಣಿಯ ಮುಚ್ಚಳ ಮಾತ್ರ ಎದೆಮಟ್ಟದಲ್ಲಿ ಗೋಡೆಯ ಬಾಗಿಲಾಗಿ ನಿಲ್ಲುತ್ತದೆ. ಹೀಗಾಗಿ ಹೊಸ ಮುಚ್ಚಳಕ್ಕೆ ಯಾವುದೇ ಉಪಕರಣವಿಲ್ಲದೆ, ಕತ್ತಲಲ್ಲಿ, ಒಂದೇ ಕೈಯಿಂದ ತಿರುಗಿಸಬಹುದಾದ ಹಿಡಿಯನ್ನು ಎರಡೂ ಕಡೆ ಇಡಬೇಕಾಗುತ್ತದೆ, ಮತ್ತು ಅದರ ಒಳಬದಿಯ ಸೊಳ್ಳೆಪರದೆಯನ್ನು ಸ್ಕ್ರೂ ಹಾಕಿ ಬಿಗಿಯದೆ ಎಳೆದರೆ ಕಿತ್ತುಬರುವಂತೆ ಆಯಸ್ಕಾಂತದ ಪಟ್ಟಿಯಿಂದ ಅಂಟಿಸಬೇಕಾಗುತ್ತದೆ.